ವಿದೇಶದಲ್ಲಿ ಪಾಠ ಮಾಡಲು ಹೊರಟ ಯುವ ಶಿಕ್ಷಕರಿಗೆ: ಶಾಲೆಗಳ ಹೋಲಿಕೆ ಮತ್ತು ಆಯ್ಕೆಯ ದಾರಿ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಿ.ಇಡಿ. ಮುಗಿಸಿದ ಯುವಕ ಯುವತಿಯರು ವಿದೇಶದ ಅಂತರರಾಷ್ಟ್ರೀಯ ಶಾಲೆಗಳತ್ತ ಮುಖ ಮಾಡುತ್ತಿರುವುದು ಸಹಜವೇ ಆಗಿದೆ. ಸರ್ಕಾರಿ ನೇಮಕಾತಿಯ ಅಧಿಸೂಚನೆ ಯಾವಾಗ ಹೊರಬೀಳುತ್ತದೆಂದು ಯಾರೂ ಹೇಳಲಾರರು. ಹೊರಬಿದ್ದರೂ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲಾದ ಹುದ್ದೆಗಳು ನಮ್ಮ ಮೂರು ಜಿಲ್ಲೆಯವರಿಗೆ ದಕ್ಕುವುದಿಲ್ಲ. ಊರಿನ ಖಾಸಗಿ ಶಾಲೆಗಳು ಕೊಡುವ ಸಂಬಳದಲ್ಲಿ ಓದಿಗೆ ಮಾಡಿದ ಸಾಲ ತೀರಿಸುವುದೇ ಕಷ್ಟ. ತುಮಕೂರಿನಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿರುವ ನನ್ನ ಬಳಿಗೆ ಪ್ರತಿ ವರ್ಷವೂ ಇಂಥವರು ಬರುತ್ತಾರೆ, ಮತ್ತು ಬಹುತೇಕ ಎಲ್ಲರೂ ದೇಶದ ಹೆಸರು ಹಿಡಿದೇ ಕೇಳುತ್ತಾರೆ: ದುಬೈ ಒಳ್ಳೆಯದೋ, ಮಾಲ್ಡೀವ್ಸ್ ಒಳ್ಳೆಯದೋ, ಥಾಯ್ಲೆಂಡ್ ಹೇಗೆ?

ದೇಶದ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ನಿರ್ಧರಿಸಬೇಕಾದದ್ದು ಶಾಲೆಯ ಪಠ್ಯಕ್ರಮ. ಒಂದೇ ದುಬೈಯಲ್ಲಿ, ಒಂದೇ ರಸ್ತೆಯ ಎರಡು ಬದಿಗಳಲ್ಲಿರುವ ಎರಡು ಶಾಲೆಗಳಲ್ಲಿ ಶಿಕ್ಷಕರ ದಿನಚರಿ, ಸಂಬಳ, ಕಲಿಕೆ ಮತ್ತು ಮುಂದಿನ ದಾರಿ ಸಂಪೂರ್ಣ ಬೇರೆಯಾಗಿರಲು ಸಾಧ್ಯವಿದೆ. ದುಬೈ ಮತ್ತು ಮಸ್ಕತ್‌ನ ಎರಡು ಸಿಬಿಎಸ್‌ಇ ಶಾಲೆಗಳ ನಡುವೆ ಅಷ್ಟು ವ್ಯತ್ಯಾಸ ಇರುವುದಿಲ್ಲ. ವಿದೇಶಗಳಲ್ಲಿ ಅಂತರರಾಷ್ಟ್ರೀಯ ಶಾಲೆ ಎಂಬ ಫಲಕದ ಹಿಂದೆ ನಮ್ಮವರು ಹೆಚ್ಚಾಗಿ ಕಾಣುವುದು ಮೂರು ಬಗೆಯ ಶಾಲೆಗಳನ್ನು. ಸಿಬಿಎಸ್‌ಇಯಂತಹ ಭಾರತೀಯ ಪಠ್ಯಕ್ರಮದವು ಮೊದಲನೆಯ ಬಗೆ. ಹತ್ತನೆಯ ತರಗತಿ ಮಟ್ಟದ ಐಜಿಸಿಎಸ್‌ಇ ಮತ್ತು ಪಿಯುಸಿ ಮಟ್ಟದ ಎ ಲೆವೆಲ್ ಪರೀಕ್ಷೆ ನಡೆಸುವ ಬ್ರಿಟಿಷ್ ಪಠ್ಯಕ್ರಮದವು ಎರಡನೆಯವು. 1968ರಲ್ಲಿ ಜಿನೀವಾದಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ಅಂದರೆ ಐಬಿ, ನಡೆಸುವವು ಮೂರನೆಯವು. ಅಮೆರಿಕನ್ ಪಠ್ಯಕ್ರಮದ ಶಾಲೆಗಳೂ ಇವೆ, ಆದರೆ ಅಲ್ಲಿ ಭಾರತದಿಂದ ನೇರವಾಗಿ ಹೋಗುವ ಹೊಸಬರಿಗೆ ಅವಕಾಶ ಕಡಿಮೆ.

ಕೊಲ್ಲಿಯ ಭಾರತೀಯ ಶಾಲೆಗಳು

ನಮ್ಮ ಕಡೆಯ ಹೆಚ್ಚಿನವರಿಗೆ ಮೊದಲು ತೆರೆಯುವ ಬಾಗಿಲು ಇದೇ. ಪಠ್ಯಪುಸ್ತಕ ಎನ್‌ಸಿಇಆರ್‌ಟಿಯದು, ಪರೀಕ್ಷೆಯ ಮಾದರಿ ಗೊತ್ತಿರುವುದು, ಪೋಷಕರು ಬಹುಪಾಲು ಭಾರತೀಯರು, ಸಹೋದ್ಯೋಗಿಗಳಲ್ಲಿ ಕೇರಳ, ತಮಿಳುನಾಡು ಮತ್ತು ನಮ್ಮ ಕರಾವಳಿಯವರು ಸಾಕಷ್ಟು ಮಂದಿ. ಒಂದೆರಡು ವರ್ಷದ ಅನುಭವವಿದ್ದರೂ ಸಂದರ್ಶನಕ್ಕೆ ಕರೆ ಬರುತ್ತದೆ. ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಜುಲೈ ಮತ್ತು ಆಗಸ್ಟ್‌ನ ಸುಡುಬಿಸಿಲಿನಲ್ಲಿ ನಡುವಿನ ರಜೆ ಬರುವುದರಿಂದ, ಯುಗಾದಿಗೆ ಊರಿಗೆ ಬರುವುದು ಸಾಮಾನ್ಯವಾಗಿ ಆಗುವುದಿಲ್ಲ. ಶ್ರೀನಿವಾಸಪುರದ ಮಾವಿನ ಸುಗ್ಗಿಯ ಕೊನೆಯ ದಿನಗಳು ಮಾತ್ರ ಸಿಕ್ಕಾವು.

ಕೆಲಸದ ಹೊರೆಯೂ ಗೊತ್ತಿರುವಂಥದ್ದೇ. ತುಂಬಿದ ತರಗತಿ, ವಾರವಾರವೂ ತಿದ್ದಬೇಕಾದ ನೋಟ್‌ಬುಕ್‌ಗಳ ರಾಶಿ, ರಜೆ ಹಾಕಿದವರ ಪೀರಿಯಡ್‌ಗಳು, ವಾರ್ಷಿಕೋತ್ಸವದ ತಾಲೀಮು. ಇದರ ಮೇಲೆ ದುಬೈಯಲ್ಲಾದರೆ ಕೆಎಚ್‌ಡಿಎ, ಅಬುಧಾಬಿಯಲ್ಲಾದರೆ ಎಡೆಕ್ ಎಂಬ ಸರ್ಕಾರಿ ಶಿಕ್ಷಣ ಪ್ರಾಧಿಕಾರಗಳ ಮೇಲ್ವಿಚಾರಣೆ ಇರುತ್ತದೆ. ತಪಾಸಣೆಗಳಲ್ಲಿ ಶಾಲೆಗೆ ಅತ್ಯುತ್ತಮದಿಂದ ದುರ್ಬಲದವರೆಗೆ ದರ್ಜೆ ಕೊಟ್ಟು ಪ್ರಕಟಿಸುತ್ತಾ ಬಂದಿರುವುದರಿಂದ ಶಿಕ್ಷಕರ ಮೇಲೆ ದಾಖಲೆಗಳ ಒತ್ತಡ ಬೀಳುತ್ತದೆ. ಆ ವರದಿಗಳು ಸಾರ್ವಜನಿಕವಾಗಿರುವುದು ಅರ್ಜಿದಾರರಿಗೆ ದೊಡ್ಡ ಅನುಕೂಲ. ಕೆಲಸದ ಪತ್ರ ಕೊಟ್ಟ ಶಾಲೆಯ ಹಳೆಯ ವರದಿಗಳನ್ನು ಓದಿದರೆ ಅಲ್ಲಿ ಶಿಕ್ಷಕರು ಎಷ್ಟು ಬೇಗ ಬಿಟ್ಟುಹೋಗುತ್ತಾರೆ, ಬೋಧನೆಯ ಗುಣಮಟ್ಟದ ಬಗ್ಗೆ ಏನು ಹೇಳಲಾಗಿದೆ ಎಂಬ ಸುಳಿವು ಸಿಗುತ್ತದೆ.

ಸಂಬಳದ ವಿಷಯದಲ್ಲಿ ಒಟ್ಟು ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವವರೇ ಹೆಚ್ಚು. ದುಬೈ, ಅಬುಧಾಬಿಗಳಿರುವ ಯುಎಇ ದೇಶದ ಹಣವಾದ ದಿರಮ್‌ಗೆ 23 ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 4,000 ದಿರಮ್ ಎಂದರೆ 92,000 ರೂಪಾಯಿ. ಅದರ ಮೇಲೆ ಆದಾಯ ತೆರಿಗೆಯೂ ಇಲ್ಲ. ಆದರೆ ಪತ್ರವನ್ನು ಸಾಲು ಸಾಲಾಗಿ ಓದಬೇಕು. ಉದಾಹರಣೆಗೆ, ಒಟ್ಟು 4,000 ದಿರಮ್‌ನ ಎರಡು ಪತ್ರಗಳಲ್ಲಿ ಒಂದರಲ್ಲಿ ಮೂಲ ವೇತನ 1,600, ಇನ್ನೊಂದರಲ್ಲಿ 2,800 ಎಂದಿಟ್ಟುಕೊಳ್ಳಿ. ಯುಎಇ ಕಾನೂನಿನಂತೆ ಸೇವಾಂತ್ಯದ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನದ ಲೆಕ್ಕದಲ್ಲಿ ಸಿಗುತ್ತದೆ. ಎರಡು ವರ್ಷ ದುಡಿದು ಹೊರಟಾಗ ಮೊದಲನೆಯವರಿಗೆ 2,240 ದಿರಮ್, ಎರಡನೆಯವರಿಗೆ 3,920 ದಿರಮ್ ಕೈಸೇರುತ್ತದೆ. ವ್ಯತ್ಯಾಸವೇ 38 ಸಾವಿರ ರೂಪಾಯಿಗೂ ಹೆಚ್ಚು. ವರ್ಷ ತುಂಬುವ ಮುನ್ನ ಬಿಟ್ಟರೆ ಗ್ರಾಚ್ಯುಟಿ ಇಲ್ಲವೇ ಇಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ವಸತಿ. ಶಾಲೆಯೇ ಮನೆ ಕೊಡುವ 4,000, ಮನೆ ಕೊಡದ 5,000ಕ್ಕಿಂತ ಬಹುತೇಕ ಯಾವಾಗಲೂ ಲಾಭದಾಯಕ. ದುಬೈಯಲ್ಲಿ ಕೆಲಸ ಮಾಡಿ ಅಗ್ಗದ ಬಾಡಿಗೆಗಾಗಿ ಶಾರ್ಜಾದಲ್ಲಿ ಇರುವ ಶಿಕ್ಷಕರು ಬೆಳಗ್ಗೆ ಐದು ಗಂಟೆಗೇ ಎದ್ದು ಬಸ್ ಹಿಡಿಯುತ್ತಾರೆ. ಶಾಲೆಯ ಮನೆ ಎಂದರೆ ಒಂದು ಕೋಣೆಯಲ್ಲಿ ಎಷ್ಟು ಮಂದಿ, ಅಡುಗೆಮನೆ ಹಂಚಿಕೊಳ್ಳಬೇಕೇ, ಬೇಸಿಗೆ ರಜೆಯಲ್ಲಿ ಖಾಲಿ ಮಾಡಬೇಕೇ ಎಂಬುದನ್ನು ಸಂದರ್ಶನದಲ್ಲೇ ಕೇಳುವುದು ತಪ್ಪೇನಲ್ಲ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಶಾಲೆಯ ಬಗ್ಗೆ ಎರಡು ಸಲ ಯೋಚಿಸಬೇಕು. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ತಂದೆತಾಯಿಯರಿಗೂ ಈ ಉತ್ತರಗಳೇ ಧೈರ್ಯ ಕೊಡುತ್ತವೆ. ಇನ್ನೊಂದು ಸಂಗತಿಯೆಂದರೆ, ಗಂಡನ ವೀಸಾದ ಮೇಲೆ ಅಲ್ಲಿರುವ ಶಿಕ್ಷಕಿಯರನ್ನು ಎಷ್ಟೋ ಶಾಲೆಗಳು ಸ್ಥಳೀಯ ನೇಮಕವೆಂದು ಪರಿಗಣಿಸಿ ವಸತಿ ಮತ್ತು ವಿಮಾನ ಟಿಕೆಟ್ ಕೊಡುವುದಿಲ್ಲ. ಮದುವೆಯಾಗಿ ಹೊರಡುವವರು ಇದನ್ನು ಮೊದಲೇ ತಿಳಿದಿರಬೇಕು.

ಈ ಶಾಲೆಗಳ ನಿಜವಾದ ಮಿತಿ ಬೇರೆಯೇ ಇದೆ. ಮೂರು ವರ್ಷ ಅಲ್ಲಿದ್ದು ಬಂದರೆ ಹಣ ಉಳಿದಿರುತ್ತದೆ, ಆದರೆ ಶಿಕ್ಷಕರಾಗಿ ಕಲಿತದ್ದು ತುಮಕೂರಿನ ಒಂದು ಒಳ್ಳೆಯ ಸಿಬಿಎಸ್‌ಇ ಶಾಲೆಯಲ್ಲಿ ಕಲಿಯಬಹುದಾಗಿದ್ದಕ್ಕಿಂತ ಬಹಳ ಹೆಚ್ಚೇನೂ ಆಗಿರುವುದಿಲ್ಲ. ಬ್ರಿಟಿಷ್ ಅಥವಾ ಐಬಿ ಶಾಲೆಗಳು ಆ ಅನುಭವವನ್ನು ಅರ್ಧ ಮನಸ್ಸಿನಿಂದಷ್ಟೇ ಒಪ್ಪಿಕೊಳ್ಳುತ್ತವೆ.

ಬ್ರಿಟಿಷ್ ಮತ್ತು ಐಬಿ ಶಾಲೆಗಳು

ಇಲ್ಲಿ ಬಾಗಿಲು ಕಿರಿದು, ಒಳಗಿನ ಅವಕಾಶ ದೊಡ್ಡದು. ಸಾಮಾನ್ಯವಾಗಿ ಅದೇ ಪಠ್ಯಕ್ರಮದಲ್ಲಿ ಎರಡು ವರ್ಷದ ಅನುಭವ ಕೇಳುತ್ತಾರೆ. ನೇಮಕಾತಿಯಲ್ಲಿ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾದಂತಹ ದೇಶಗಳ ಪಾಸ್‌ಪೋರ್ಟ್‌ಗೆ ಒಲವಿರುವುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ತಿಳಿದ ಅನ್ಯಾಯ. ಭಾರತೀಯರಿಗೆ ಗಣಿತ, ಭೌತಶಾಸ್ತ್ರ, ಕಂಪ್ಯೂಟರ್ ವಿಜ್ಞಾನದಲ್ಲಿ ದಾರಿ ಸಲೀಸು. ಇಂಗ್ಲಿಷ್ ಮತ್ತು ಪ್ರಾಥಮಿಕ ತರಗತಿಗಳಲ್ಲಿ ಕಠಿಣ. ಹಾಗಾಗಿ ಹಲವು ಶಾಲೆಗಳು ನಮ್ಮ ಬಿ.ಇಡಿ. ಪದವೀಧರರಿಗೆ ತರಗತಿ ಸಹಾಯಕರ ಹುದ್ದೆ ಕೊಡುತ್ತವೆ. ಅದನ್ನು ಒಪ್ಪಿಕೊಳ್ಳುವವರು ಒಂದು ವರ್ಷದ ಬಳಿಕ ಪೂರ್ಣ ಶಿಕ್ಷಕರಾಗುವ ಅವಕಾಶ ಇದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಬೇಕು, ಏಕೆಂದರೆ ಸಹಾಯಕರಾಗಿ ಕಳೆದ ವರ್ಷಗಳನ್ನು ಮುಂದಿನ ಶಾಲೆ ಬೋಧನಾ ಅನುಭವವೆಂದು ಎಣಿಸದೆ ಹೋಗಬಹುದು.

ಕೆಲಸದ ಸ್ವರೂಪ ಎಷ್ಟು ಬೇರೆ ಎಂಬುದಕ್ಕೆ ಐಬಿಯ ಮಧ್ಯಮ ಹಂತದ ವಿಜ್ಞಾನ ತರಗತಿಯನ್ನು ನೋಡಬಹುದು. ಅಲ್ಲಿ ನೂರಕ್ಕೆ ಇಷ್ಟು ಅಂಕ ಎಂಬ ಪದ್ಧತಿ ಇಲ್ಲ. ಜ್ಞಾನ, ಪ್ರಯೋಗದ ವಿನ್ಯಾಸ, ದತ್ತಾಂಶದ ವಿಶ್ಲೇಷಣೆ, ವಿಜ್ಞಾನದ ಸಾಮಾಜಿಕ ಪರಿಣಾಮ ಎಂಬ ನಾಲ್ಕು ಮಾನದಂಡಗಳಿಗೆ ತಲಾ 8ರಂತೆ ಒಟ್ಟು 32ಕ್ಕೆ ಮೌಲ್ಯಮಾಪನ ಮಾಡಿ, ಅದನ್ನು 1ರಿಂದ 7ರ ಶ್ರೇಣಿಗೆ ತರಲಾಗುತ್ತದೆ. ಬೀಜ ಮೊಳೆಯುವ ಪಾಠವೆಂದರೆ ಶಿಕ್ಷಕರು ಉತ್ತರ ಬರೆಸುವಂತಿಲ್ಲ. ಬೆಳಕು, ನೀರು, ಉಷ್ಣತೆಗಳಲ್ಲಿ ಯಾವುದನ್ನು ಬದಲಿಸಿ ಯಾವುದನ್ನು ಸ್ಥಿರವಾಗಿಡಬೇಕೆಂದು ಹನ್ನೆರಡು ವರ್ಷದ ಮಗುವೇ ಯೋಚಿಸಿ ಪ್ರಯೋಗ ರೂಪಿಸಬೇಕು. ಮಗು ತಪ್ಪಾಗಿ ರೂಪಿಸಿದಾಗ ಉತ್ತರ ಹೇಳಿಬಿಡದೆ ಸರಿಯಾದ ಪ್ರಶ್ನೆ ಕೇಳುವುದು ಶಿಕ್ಷಕರ ಕೆಲಸ. ನಮ್ಮ ಬಿ.ಇಡಿ. ಪಾಠ ಯೋಜನೆಗಳಲ್ಲಿ ಇದರ ತತ್ವವನ್ನು ಎಲ್ಲರೂ ಬರೆದಿರುತ್ತಾರೆ, ಮಾಡಿ ನೋಡಿದವರು ಅಪರೂಪ. ಇಂಥ ಶಾಲೆಯಲ್ಲಿ ಎರಡು ವರ್ಷ ಶ್ರದ್ಧೆಯಿಂದ ಕೆಲಸ ಮಾಡಿದವರ ಬೋಧನೆ ಬದಲಾಗುವುದನ್ನು ನಾನು ಕಂಡಿದ್ದೇನೆ, ಮತ್ತು ಈ ಕಾರಣಕ್ಕೇ ಸಂಬಳ ಒಂದಿಷ್ಟು ಕಡಿಮೆಯಿದ್ದರೂ ಇಂಥ ಶಾಲೆಯನ್ನೇ ಆರಿಸಿ ಎನ್ನುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಭಯದಿಂದಲೇ ಈ ಶಾಲೆಗಳಿಗೆ ಅರ್ಜಿ ಹಾಕುವುದಿಲ್ಲ. ಇದು ನನಗೆ ತುಂಬ ನೋವು ತರುವ ಸಂಗತಿ. ವ್ಯಾಕರಣ ಗಟ್ಟಿಯಿರುವವರಿಗೆ ಬೇಕಿರುವುದು ತರಗತಿಯ ಮಾತಿನ ರೂಢಿ. ಅದು ಅಭ್ಯಾಸದಿಂದ ಬರುತ್ತದೆ. ಇನ್ನು ಕೋಲಾರ, ಚಿಕ್ಕಬಳ್ಳಾಪುರದ ಶಿಕ್ಷಕರ ಬಳಿ ಇರುವ ಒಂದು ಶಕ್ತಿಯನ್ನು ಅವರೇ ಗುರುತಿಸಿಕೊಂಡಿಲ್ಲ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ, ಶಾಲೆಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳಿಗೆ ದಿನವೂ ಪಾಠ ಮಾಡಿದವರು ಅವರು. ಅಂತರರಾಷ್ಟ್ರೀಯ ಶಾಲೆಯ ತರಗತಿಯಲ್ಲಿ ಕೊರಿಯಾ, ಈಜಿಪ್ಟ್, ರಷ್ಯಾದಿಂದ ಬಂದು ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುತ್ತಿರುವ ಮಕ್ಕಳು ಕೂತಿರುತ್ತಾರೆ. ಮನೆಮಾತು ಬೇರೆಯಾದ ಮಗುವಿಗೆ ಭಿನ್ನರಾಶಿ ಹೇಗೆ ಅರ್ಥ ಮಾಡಿಸಿದಿರಿ ಎಂಬುದನ್ನು ಸಂದರ್ಶನದಲ್ಲಿ ಒಂದು ನಿಜವಾದ ಉದಾಹರಣೆಯೊಂದಿಗೆ ಹೇಳಿದರೆ ಅದಕ್ಕೆ ಬೆಲೆಯಿದೆ.

ಮಾಲ್ಡೀವ್ಸ್ ಮತ್ತು ಉಳಿದೆಡೆ

ಮಾಲ್ಡೀವ್ಸ್‌ನ ಸರ್ಕಾರಿ ಶಾಲೆಗಳಲ್ಲೇ ಭಾರತೀಯ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಮತ್ತು ಅಲ್ಲಿನ ಮಾಧ್ಯಮಿಕ ಹಂತದಲ್ಲಿ ಕೇಂಬ್ರಿಜ್ ಪರೀಕ್ಷೆಗಳಿವೆ. ಐಜಿಸಿಎಸ್‌ಇ ಅನುಭವ ಬೇಕಾದವರಿಗೆ ಇದು ಒಂದು ಒಳದಾರಿ. ಚಿಕ್ಕ ತರಗತಿ, ಶಾಂತ ಜೀವನ. ಆದರೆ ಮೂರು ವಿಷಯಗಳನ್ನು ತಿಳಿದೇ ಹೋಗಬೇಕು. ಕೆಲಸ ಸಿಗುವುದು ರಾಜಧಾನಿ ಮಾಲೆಯಲ್ಲೇ ಎಂದೇನಿಲ್ಲ. ಕೆಲವೇ ನೂರು ಜನರಿರುವ ದ್ವೀಪದಲ್ಲೂ ಆಗಬಹುದು, ಅಲ್ಲಿಂದ ಆಸ್ಪತ್ರೆಗೂ ದೋಣಿಯೇ ಗತಿ. ಸಂಬಳ ಅಲ್ಲಿನ ಹಣವಾದ ರುಫಿಯಾದಲ್ಲಿ ಬರುತ್ತದೆ, ದೇಶದಲ್ಲಿ ಡಾಲರಿನ ಕೊರತೆ ಇರುವುದರಿಂದ ಬ್ಯಾಂಕಿನ ಮೂಲಕ ಊರಿಗೆ ಕಳಿಸಬಹುದಾದ ಮೊತ್ತಕ್ಕೆ ಮಿತಿಯಿರುತ್ತದೆ, ಹಾಗಾಗಿ ಕಾಗದದ ಮೇಲಿನ ಸಂಬಳವೂ ಮನೆ ತಲುಪುವ ಹಣವೂ ಒಂದಲ್ಲ. ದಿರಮ್ ಹಾಗಲ್ಲ, ಡಾಲರಿಗೆ 3.6725ರಂತೆ ಕಟ್ಟಿದ ದರದಲ್ಲಿ ನಿಂತಿದೆ, ಕಳಿಸುವುದಕ್ಕೂ ಅಡ್ಡಿಯಿಲ್ಲ. ಮೂರನೆಯದಾಗಿ, ಮಾಲ್ಡೀವ್ಸ್‌ನಲ್ಲಿ ಇಸ್ಲಾಂ ಹೊರತಾದ ಧರ್ಮಗಳ ಬಹಿರಂಗ ಆಚರಣೆಗೆ ಅವಕಾಶವಿಲ್ಲ, ಪೂಜೆಯ ವಿಗ್ರಹಗಳನ್ನು ಒಯ್ಯುವುದಕ್ಕೂ ನಿಷೇಧವಿದೆ. ಮನೆದೇವರ ವಿಗ್ರಹವಿಲ್ಲದೆ ಎಲ್ಲಿಗೂ ಹೊರಡದವರು ಇದನ್ನು ಮುಂಚಿತವಾಗಿ ಯೋಚಿಸಬೇಕು.

ಥಾಯ್ಲೆಂಡ್, ವಿಯೆಟ್ನಾಂ ಕಡೆಗೆ ಮೊದಲ ಕೆಲಸಕ್ಕಾಗಿ ಹೋಗಲು ನಾನು ಹೇಳುವುದಿಲ್ಲ. ಥಾಯ್ಲೆಂಡ್‌ನಲ್ಲಿ ಖುರುಸಪಾ ಎಂಬ ಶಿಕ್ಷಕರ ಮಂಡಳಿಯ ಪರವಾನಗಿಯ ವ್ಯವಸ್ಥೆ ಇದೆ, ಇಂಗ್ಲಿಷ್ ಮಾತೃಭಾಷೆಯವರಿಗೆ ಆದ್ಯತೆಯಿದೆ, ಮತ್ತು ಪ್ರವಾಸಿ ವೀಸಾದಲ್ಲಿ ಕರೆಸಿಕೊಂಡು ಆಮೇಲೆ ನೋಡೋಣ ಎನ್ನುವ ಮಧ್ಯವರ್ತಿಗಳೂ ಇದ್ದಾರೆ. ಇಂಗ್ಲೆಂಡಿನ ಕ್ಯೂಟಿಎಸ್ ಎಂಬ ಶಿಕ್ಷಕ ಅರ್ಹತೆಗೆ 2023ರಿಂದ ಭಾರತೀಯರೂ ಅರ್ಜಿ ಹಾಕಬಹುದು. 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು ಕಲಿಸುವವರಿಗೆ ಈ ದಾರಿ ತೆರೆದಿದೆ. ಅದು ಸಿಕ್ಕರೆ ಬ್ರಿಟಿಷ್ ಶಾಲೆಗಳಲ್ಲಿ ಎಲ್ಲೆಡೆ ಮನ್ನಣೆ. ಪಿಜಿಸಿಇ ಐ ಎಂಬ ದುಬಾರಿ ಶುಲ್ಕದ ಆನ್‌ಲೈನ್ ಶಿಕ್ಷಕ ತರಬೇತಿ ಕೋರ್ಸ್ ಮಾಡಿದರೆ ಕ್ಯೂಟಿಎಸ್ ತಾನಾಗಿಯೇ ಬರುತ್ತದೆ ಎಂದು ಹೇಳುವವರನ್ನು ನಂಬಬಾರದು. ಅವೆರಡೂ ಬೇರೆ ಬೇರೆ.

ಮೊದಲು ಬೆಂಗಳೂರೇ?

ನನ್ನ ಮಟ್ಟಿಗೆ ಬಹುಪಾಲು ಹೊಸಬರಿಗೆ ಉತ್ತರ ಹೌದು. ಯಲಹಂಕ, ದೇವನಹಳ್ಳಿ ಸುತ್ತಮುತ್ತ ಸ್ಟೋನ್‌ಹಿಲ್, ಕೆನಡಿಯನ್ ಇಂಟರ್‌ನ್ಯಾಷನಲ್ ಮೊದಲಾದ ಐಬಿ ಶಾಲೆಗಳಿವೆ. ಚಿಕ್ಕಬಳ್ಳಾಪುರದಿಂದ ಅಲ್ಲಿಗೆ ದಿನವೂ ಹೋಗಿ ಬರಬಹುದು. ತುಮಕೂರು ಮತ್ತು ಕೋಲಾರದವರು ಬೆಂಗಳೂರಿನಲ್ಲಿ ಕೋಣೆ ಹಿಡಿಯುವುದೇ ಮೇಲು, ಇಲ್ಲವಾದರೆ ರಸ್ತೆಯಲ್ಲೇ ದಿನ ಕಳೆದು ಪಾಠದ ತಯಾರಿಗೆ ಚೈತನ್ಯ ಉಳಿಯುವುದಿಲ್ಲ. ಆರಂಭ ಸಹಶಿಕ್ಷಕರಾಗಿಯೇ ಇರಬಹುದು. ಆದರೆ ಐಬಿ ಮಾನ್ಯತೆ ಪಡೆದ ಶಾಲೆ ತನ್ನ ಶಿಕ್ಷಕರಿಗೆ ತರಬೇತಿ ಕೊಡಿಸಲೇಬೇಕು, ಮತ್ತು ಆ ಕಾರ್ಯಾಗಾರದ ಪ್ರಮಾಣಪತ್ರ, ಎರಡು ವರ್ಷದ ಅನುಭವ, ಪ್ರಾಂಶುಪಾಲರ ಶಿಫಾರಸು ಈ ಮೂರೂ ಕೈಯಲ್ಲಿದ್ದರೆ ವಿದೇಶದ ಶಾಲೆಯೊಂದಿಗೆ ಸಮಾನ ನೆಲೆಯಲ್ಲಿ ಮಾತನಾಡಬಹುದು. ಇಪ್ಪತ್ತಮೂರಕ್ಕೇ ಕೊಲ್ಲಿಗೆ ಹಾರುವುದಕ್ಕಿಂತ ಇಪ್ಪತ್ತೈದಕ್ಕೆ ಹೀಗೆ ಹೋಗುವುದು ಮುಂದಿನ ಇಪ್ಪತ್ತು ವರ್ಷಕ್ಕೆ ಲಾಭ.

ಇದಕ್ಕೆ ಒಂದು ಅಪವಾದವಿದೆ, ಅದನ್ನು ಹೇಳದೆ ಹೋದರೆ ನಮ್ಮ ಜಿಲ್ಲೆಗಳ ಸ್ಥಿತಿ ಅರಿಯದೆ ಬರೆದಂತಾಗುತ್ತದೆ. ಸಾವಿರ ಅಡಿಗೂ ಮೀರಿ ಕೊರೆಸಿದ ಕೊಳವೆಬಾವಿ ಬತ್ತಿ, ಬಡ್ಡಿ ಬೆಳೆಯುತ್ತಿರುವ ಮನೆಯ ಹಿರಿಯ ಮಗನಿಗೋ ಮಗಳಿಗೋ ಎರಡು ವರ್ಷ ಬೆಂಗಳೂರಿನಲ್ಲಿ ಕಲಿತು ಆಮೇಲೆ ಹೋಗು ಎನ್ನುವುದು ಸುಲಭದ ಮಾತಲ್ಲ. ಅಂಥವರು ವಸತಿ ಕೊಡುವ, ದರ್ಜೆ ಚೆನ್ನಾಗಿರುವ ಕೊಲ್ಲಿಯ ಭಾರತೀಯ ಶಾಲೆಯನ್ನೇ ಆರಿಸಲಿ. ಸಾಲದ ಮೊತ್ತವನ್ನು ಗುರಿಯಾಗಿ ಬರೆದಿಟ್ಟುಕೊಳ್ಳಲಿ, ಅದು ತೀರಿದ ವರ್ಷವೇ ಬೇರೆ ಪಠ್ಯಕ್ರಮದ ಶಾಲೆಗಳಿಗೆ ಅರ್ಜಿ ಹಾಕಲು ಆರಂಭಿಸಲಿ. ಗುರಿಯಿಲ್ಲದೆ ಹೋದವರು ಮನೆ, ಸೈಟು, ತಂಗಿಯ ಮದುವೆ ಎಂದು ಒಂದರ ಹಿಂದೆ ಒಂದರಂತೆ ಹತ್ತು ವರ್ಷ ಅಲ್ಲೇ ಉಳಿದುಬಿಡುತ್ತಾರೆ.

ಕಾಗದಪತ್ರ, ಏಜೆಂಟ್, ಮರಳುವ ದಾರಿ

ಅತಿ ಹೆಚ್ಚು ತೊಂದರೆಯಾಗುವುದು ಹೆಸರಿನ ಇನಿಶಿಯಲ್‌ನಿಂದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡಕ್ಷರ, ಪದವಿಯಲ್ಲಿ ಹೆಸರಿನ ಹಿಂದೆ ಒಂದಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಅಕ್ಷರ ಬಿಡಿಸಿ ತಂದೆಯ ಪೂರ್ಣ ಹೆಸರು. ವಿದೇಶದ ಅಧಿಕಾರಿಗೆ ಇವರು ಮೂವರು ಬೇರೆ ವ್ಯಕ್ತಿಗಳಂತೆ ಕಾಣುತ್ತಾರೆ. ಇದನ್ನು ಅರ್ಜಿ ಹಾಕುವ ಮುನ್ನವೇ ಸರಿಪಡಿಸಿಕೊಳ್ಳಬೇಕು. ಪದವಿ ಬೆಂಗಳೂರು ವಿಶ್ವವಿದ್ಯಾಲಯದ್ದು, ಬಿ.ಇಡಿ. 2017ರಲ್ಲಿ ಆರಂಭವಾದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ್ದು ಎಂಬಂತಹವರು ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಲವರಿದ್ದಾರೆ. ಅವರು ಎರಡೂ ಕಡೆ ಪ್ರತ್ಯೇಕವಾಗಿ ದೃಢೀಕರಣ ಮಾಡಿಸಬೇಕು. ದೂರಶಿಕ್ಷಣದ ಪದವಿಗಳಿಗೆ ಕೊಲ್ಲಿಯಲ್ಲಿ ಹಲವೆಡೆ ಅಡ್ಡಿಯಿದೆ, ಅದರಲ್ಲೂ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ 2013-14ರಿಂದ 2018ರಲ್ಲಿ ಯುಜಿಸಿ ಮಾನ್ಯತೆ ಮರಳುವವರೆಗಿನ ಅವಧಿಯಲ್ಲಿ ಓದಿದವರು ಆ ಪದವಿಯನ್ನೇ ನಂಬಿ ಅರ್ಜಿ ಹಾಕಬಾರದು. ಸೌದಿ ಅರೇಬಿಯಾ, ಒಮಾನ್, ಬಹರೇನ್‌ಗೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಎಂಬ ದೃಢೀಕರಣ ಮುದ್ರೆಯೇ ನಡೆಯುತ್ತದೆ. ಯುಎಇ, ಕತಾರ್, ಕುವೈತ್‌ಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು.

ಏಜೆಂಟರ ವಿಷಯದಲ್ಲಿ ನನ್ನ ಮಾತು ಕಟುವಾಗಿದ್ದರೆ ಕ್ಷಮೆಯಿರಲಿ. ಶಿಕ್ಷಕ ಹುದ್ದೆಗೆಂದು ಲಕ್ಷಗಟ್ಟಲೆ ಕೊಟ್ಟವರನ್ನು ನೋಡಿದ್ದೇನೆ. ಸದ್ಯದ ನಿಯಮದಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟ್ ನೋಂದಾಯಿತರೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಯುಎಇ ಕಾನೂನಿನಲ್ಲಂತೂ ನೇಮಕಾತಿಯ ವೆಚ್ಚ ಉದ್ಯೋಗದಾತರೇ ಭರಿಸಬೇಕು, ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವಂತಿಲ್ಲ, ಪರೀಕ್ಷಾವಧಿ (ಪ್ರೊಬೇಷನ್) ಆರು ತಿಂಗಳು ಮೀರುವಂತಿಲ್ಲ.

ಹೊರಡುವ ಮುನ್ನ ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದು ಪಾಸಾಗಿರುವುದು ಜಾಣತನ. ಟಿಇಟಿ ಪ್ರಮಾಣಪತ್ರಕ್ಕೆ ಈಗ ಜೀವಮಾನದ ಮಾನ್ಯತೆ ಇರುವುದರಿಂದ, ಮರಳಿದಾಗ ವಯೋಮಿತಿ ಮೀರದಿದ್ದರೆ ಸರ್ಕಾರಿ ನೇಮಕಾತಿಯ ಬಾಗಿಲು ಮುಚ್ಚಿರುವುದಿಲ್ಲ. ಕೆಲಸಕ್ಕೆಂದು ಹೊರಟು ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದವರು ಸಾಮಾನ್ಯವಾಗಿ ಅನಿವಾಸಿಗಳೆನಿಸುತ್ತಾರೆ; ಹಣವನ್ನು ಅಪ್ಪನ ಖಾತೆಗೆ ಕಳಿಸುವ ಬದಲು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ ಬ್ಯಾಂಕ್ ಖಾತೆ ತೆರೆದರೆ ಬಡ್ಡಿಗೂ ಇಲ್ಲಿ ತೆರಿಗೆ ಬೀಳುವುದಿಲ್ಲ.

ಅರ್ಜಿಯ ಕಾಲವೂ ಶಾಲೆಯ ಬಗೆಯನ್ನು ಅವಲಂಬಿಸಿದೆ. ಏಪ್ರಿಲ್‌ಗೆ ತೆರೆಯುವ ಭಾರತೀಯ ಶಾಲೆಗಳ ಸಂದರ್ಶನ ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ನಡೆಯುತ್ತದೆ. ಆಗಸ್ಟ್ ಕೊನೆಗೆ ತೆರೆಯುವ ಬ್ರಿಟಿಷ್ ಮತ್ತು ಐಬಿ ಶಾಲೆಗಳು ನವೆಂಬರ್‌ನಿಂದಲೇ ಹುಡುಕಲು ಆರಂಭಿಸುತ್ತವೆ. ಘಟಿಕೋತ್ಸವದ ಪ್ರಮಾಣಪತ್ರ, ವಿಶ್ವವಿದ್ಯಾಲಯದ ದೃಢೀಕರಣ ಮತ್ತು ಪೊಲೀಸ್ ಕ್ಲಿಯರೆನ್ಸ್‌ಗೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ, ಎರಡರಲ್ಲಿ ಯಾವುದನ್ನು ಆರಿಸಿದರೂ ದಸರಾ ರಜೆಯೊಳಗೆ ಕಾಗದದ ಕೆಲಸ ಶುರುವಾಗಿರಬೇಕು.